ಯುದ್ಧ ಮುಗೀತು ಅಂದೋರ್ಯಾರು?

ಕದನವಿರಾಮ ಅಂತ ಬ್ರೇಕಿಂಗ್ ನ್ಯೂಸ್ ಓದಿದ ಮರುದಿನವೇ ನಾವು ಬೇರೆ ಸುದ್ದಿಗೆ ಹೋಗ್ತೀವಿ. ನಾನೂ ಹೋಗಿದ್ದೀನಿ. ಆದರೆ ಇಂಗ್ಲೆಂಡಿನ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಹೋಗಲಿಲ್ಲ ನೋಡಿ.

ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್‌ನಲ್ಲಿ. ಆಕೆಯ ‘ಮಿಸೆಸ್ ಡಾಲೋವೇ’ ಬಂದದ್ದು 1925ರಲ್ಲಿ. ಕಥೆ ನಡೆಯೋದು ಲಂಡನ್ನಿನಲ್ಲಿ, 1923ರ ಜೂನ್ ತಿಂಗಳ ಒಂದೇ ದಿನ. ಯುದ್ಧದಿಂದ ಬದುಕಿ ಬಂದ ಸೆಪ್ಟಿಮಸ್‌ಗೆ ಸತ್ತ ಗೆಳೆಯ ಕಣ್ಣೆದುರು ಬರ್ತಾನೆ. ನಿನಗೇನೂ ಆಗಿಲ್ಲ ಅಂತಾನೆ ವೈದ್ಯ. ಕೊನೆಗೆ ಅವನು ಕಿಟಕಿಯಿಂದ ಹಾರಿ ಸಾಯ್ತಾನೆ.

ಆ ಸುದ್ದಿ ಸಂಜೆ ಕ್ಲಾರಿಸಾ ಮನೆಯ ಪಾರ್ಟಿಯಲ್ಲಿ ಮಾತಿನ ನಡುವೆ ಬರುತ್ತೆ. ಪ್ರಧಾನಿಯೇ ಬಂದಿದ್ದ ಪಾರ್ಟಿ ಅದು. ಕ್ಲಾರಿಸಾ ಒಬ್ಬಳೇ ಪಕ್ಕದ ಕೋಣೆಗೆ ಹೋಗಿ, ಕಂಡೇ ಇರದ ಆ ಹುಡುಗನ ಸಾವನ್ನು ತನ್ನದೇ ಎಂಬಂತೆ ನೆನೆಯುತ್ತಾಳೆ.

ಯುದ್ಧದಲ್ಲಿ ಸತ್ತವರ ಪಟ್ಟಿಗೆ ಅವನ ಹೆಸರು ಸೇರೋದಿಲ್ಲ. ಅಂಥ ಪಟ್ಟಿ ಓದೋದೇ ನನ್ನ ಕೆಲಸ. ಓದಿ ಮುಗಿಸಿದ ಮೇಲೆ ಈಗೀಗ ನನಗೆ ಅನುಮಾನ.