ಸಣ್ಣ ಕುಟುಂಬ ಹಿಡುವಳಿಗಳು: ಸ್ವರೂಪ, ಸಮಸ್ಯೆಗಳು ಹಾಗೂ ಲಭ್ಯವಿರುವ ಅನುಕೂಲಗಳು

ಪೀಠಿಕೆ

ಕರ್ನಾಟಕದ ಕೃಷಿಯು ಬಹುಮಟ್ಟಿಗೆ ಕುಟುಂಬದ ದುಡಿಮೆಯನ್ನು ಆಧರಿಸಿದ ಸಣ್ಣ ಹಿಡುವಳಿಗಳ ಕೃಷಿಯಾಗಿರುತ್ತದೆ. ಉಳುಮೆ, ಬಿತ್ತನೆ, ಕಳೆ ತೆಗೆಯುವುದು, ಕೊಯ್ಲು, ಒಕ್ಕಣೆ ಹಾಗೂ ದನಕರುಗಳ ಪಾಲನೆಯಲ್ಲಿ ಮನೆಯ ಸದಸ್ಯರೇ ತೊಡಗಿದ್ದು, ಕೂಲಿಯಾಳುಗಳನ್ನು ಅವಶ್ಯವಿದ್ದಾಗ ಮಾತ್ರ ಕರೆಯುವುದು ಇದರ ಮುಖ್ಯ ಲಕ್ಷಣ. ಇಂತಹ ಕೃಷಿಯ ಮಹತ್ವವನ್ನು ಪರಿಗಣಿಸಿ ವಿಶ್ವಸಂಸ್ಥೆಯು 2014ನೇ ಇಸವಿಯನ್ನು ಅಂತರರಾಷ್ಟ್ರೀಯ ಕುಟುಂಬ ಕೃಷಿ ವರ್ಷವೆಂದೂ, 2019ರಿಂದ 2028ರವರೆಗಿನ ಅವಧಿಯನ್ನು ಕುಟುಂಬ ಕೃಷಿ ದಶಕವೆಂದೂ ಘೋಷಿಸಿರುತ್ತದೆ.

ಸಣ್ಣ ರೈತರ ಕಷ್ಟಗಳಿಗೆ ಜಮೀನಿನ ವಿಸ್ತೀರ್ಣವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ವಿಸ್ತೀರ್ಣದಷ್ಟೇ ಮುಖ್ಯವಾದ ಇನ್ನೆರಡು ಕಾರಣಗಳಿವೆ. ಮೊದಲನೆಯದು, ಕುಟುಂಬದ ದುಡಿಮೆಯು ಲೆಕ್ಕಕ್ಕೆ ಬಾರದಿರುವುದು. ಎರಡನೆಯದು, ಭೂಮಿಯನ್ನು ಉಳುವವರ ಹೆಸರು ಪಹಣಿಯಲ್ಲಿ ಇಲ್ಲದಿರುವುದು. ಈ ಲೇಖನದಲ್ಲಿ ಇವುಗಳ ಸ್ವರೂಪವನ್ನೂ, ಪರಿಹಾರಕ್ಕೆ ಲಭ್ಯವಿರುವ ಮಾರ್ಗಗಳನ್ನೂ ವಿವರಿಸಲಾಗಿದೆ.

ಹಿಡುವಳಿಗಳ ವರ್ಗೀಕರಣ

1 ಹೆಕ್ಟೇರಿಗಿಂತ (ಸುಮಾರು 2 ಎಕರೆ 19 ಗುಂಟೆ) ಕಡಿಮೆ ಭೂಮಿ ಇರುವವರನ್ನು ಅತಿ ಸಣ್ಣ ರೈತರೆಂದೂ, 1ರಿಂದ 2 ಹೆಕ್ಟೇರ್ ಭೂಮಿ ಇರುವವರನ್ನು ಸಣ್ಣ ರೈತರೆಂದೂ ವರ್ಗೀಕರಿಸಲಾಗಿದೆ.

1970-71ರ ಕೃಷಿ ಗಣತಿಯ ಸಮಯದಲ್ಲಿ ರಾಜ್ಯದ ಸರಾಸರಿ ಹಿಡುವಳಿಯ ವಿಸ್ತೀರ್ಣ 3.20 ಹೆಕ್ಟೇರ್ ಇದ್ದಿತು. 2010-11ರ ಗಣತಿಯ ವೇಳೆಗೆ ಇದು 1.55 ಹೆಕ್ಟೇರಿಗೂ, 2015-16ರ ಗಣತಿಯ ವೇಳೆಗೆ 1.36 ಹೆಕ್ಟೇರಿಗೂ ಇಳಿದಿರುತ್ತದೆ. 2015-16ರಲ್ಲಿ ರಾಜ್ಯದಲ್ಲಿ 86.81 ಲಕ್ಷ ಹಿಡುವಳಿಗಳಿದ್ದು, ಅವುಗಳ ಒಟ್ಟು ವಿಸ್ತೀರ್ಣ 118.05 ಲಕ್ಷ ಹೆಕ್ಟೇರ್ ಆಗಿತ್ತು. ಈ ಹಿಡುವಳಿಗಳಲ್ಲಿ ಶೇಕಡ 80ರಷ್ಟು ಸಣ್ಣ ಮತ್ತು ಅತಿ ಸಣ್ಣ ರೈತರದ್ದಾಗಿದ್ದರೂ, ಅವರ ಸಾಗುವಳಿಯಲ್ಲಿದ್ದ ಭೂಮಿ ಶೇಕಡ 44ರಷ್ಟು ಮಾತ್ರ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕಾಗುತ್ತದೆ. ಕೃಷಿ ಗಣತಿಯ ವ್ಯಾಖ್ಯೆಯಂತೆ ಹಿಡುವಳಿ ಎಂದರೆ ಸಾಗುವಳಿಯಲ್ಲಿರುವ ಭೂಮಿ; ಅದರ ಮಾಲೀಕತ್ವ ಯಾರದೆಂಬುದು ಅಲ್ಲಿ ಮುಖ್ಯವಲ್ಲ. ಆದರೆ ಸಾಲ, ವಿಮೆ, ಪರಿಹಾರ ಹಾಗೂ ಸಹಾಯಧನಗಳಿಗೆ ಸಾಮಾನ್ಯವಾಗಿ ಪಹಣಿಯಲ್ಲಿ ನಮೂದಾಗಿರುವ ಹಕ್ಕುದಾರರ ಹೆಸರೇ ಆಧಾರ. ಗಣತಿಯಲ್ಲಿ ರೈತನೆನಿಸಿಕೊಂಡವನು ಸೌಲಭ್ಯದ ಪಟ್ಟಿಯಲ್ಲಿ ಕಾಣದೆ ಹೋಗಲು ಈ ವ್ಯತ್ಯಾಸವೇ ಕಾರಣ.

ಪ್ರಮುಖ ಸಮಸ್ಯೆಗಳು

1. ಸ್ಥಿರ ವೆಚ್ಚದ ಹೊರೆ

ಕೊಳವೆ ಬಾವಿ, ಪಂಪ್‌ಸೆಟ್, ಎತ್ತಿನ ಜೋಡಿ, ಸಿಂಪಡಣಾ ಯಂತ್ರ ಮೊದಲಾದವುಗಳ ಬೆಲೆಯು ಜಮೀನು ಕಡಿಮೆ ಇದೆಯೆಂದು ಕಡಿಮೆಯಾಗುವುದಿಲ್ಲ. ಒಂದು ಎಕರೆಯ ರೈತನೂ ಐದು ಎಕರೆಯ ರೈತನೂ ಕೊಳವೆ ಬಾವಿಗೆ ಅಷ್ಟೇ ಆಳ ಕೊರೆಸಬೇಕಾಗುತ್ತದೆ. ನೀರು ದೊರೆಯದಿದ್ದಲ್ಲಿ ಒಂದು ಎಕರೆಯ ಆದಾಯದಿಂದ ಆ ಸಾಲವನ್ನು ತೀರಿಸಲು ಹಲವು ವರ್ಷಗಳೇ ಬೇಕಾಗುತ್ತವೆ.

ಸಾಗಾಣಿಕೆಯಲ್ಲಿಯೂ ಇದೇ ಸ್ಥಿತಿ. ಉದಾಹರಣೆಗೆ, ಮಾರುಕಟ್ಟೆಗೆ ಹೋಗುವ ವಾಹನದ ಬಾಡಿಗೆ 1,500 ರೂ. ಎಂದು ಭಾವಿಸಿದಲ್ಲಿ, 30 ಕ್ವಿಂಟಾಲ್ ಸಾಗಿಸುವ ರೈತನಿಗೆ ಕ್ವಿಂಟಾಲಿಗೆ 50 ರೂ. ಖರ್ಚು ಬಿದ್ದರೆ, 5 ಕ್ವಿಂಟಾಲ್ ಸಾಗಿಸುವ ರೈತನಿಗೆ 300 ರೂ. ಬೀಳುತ್ತದೆ. ಈ ಕಾರಣದಿಂದ ಸಣ್ಣ ರೈತರು ಕಣದಲ್ಲಿಯೇ ವ್ಯಾಪಾರಿಗೆ, ಅವನು ಹೇಳಿದ ಬೆಲೆಗೆ ಮಾರುವುದು ಸಾಮಾನ್ಯವಾಗಿದೆ.

2. ಲೆಕ್ಕಕ್ಕೆ ಬಾರದ ದುಡಿಮೆ

ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬೆಂಬಲ ಬೆಲೆಯನ್ನು ಶಿಫಾರಸು ಮಾಡುವಾಗ, ಬೀಜ, ಗೊಬ್ಬರ, ಕೂಲಿ ಮುಂತಾಗಿ ಕೈಯಿಂದ ತೆತ್ತ ಖರ್ಚಿನ ಜೊತೆಗೆ ಕುಟುಂಬದವರ ದುಡಿಮೆಯ ಮೌಲ್ಯವನ್ನೂ ಸೇರಿಸಿ ವೆಚ್ಚವನ್ನು ಲೆಕ್ಕ ಹಾಕುತ್ತದೆ. ಸ್ವಂತ ಭೂಮಿಯ ಗೇಣಿಯ ಮೌಲ್ಯ ಹಾಗೂ ಸ್ವಂತ ಬಂಡವಾಳದ ಬಡ್ಡಿಯನ್ನು ಒಳಗೊಂಡ ಸಮಗ್ರ ವೆಚ್ಚವು ಇದಕ್ಕಿಂತ ಹೆಚ್ಚಾಗಿರುತ್ತದೆ. ಆದರೆ ರೈತ ಕುಟುಂಬಗಳು ತಮ್ಮ ಮನೆಯ ಲೆಕ್ಕದಲ್ಲಿ ಕೈಯಿಂದ ಹೋದ ಹಣವನ್ನು ಮಾತ್ರ ಖರ್ಚೆಂದು ತಿಳಿಯುವುದು ವಾಡಿಕೆ. ಪತಿ ಪತ್ನಿಯರ ಹಾಗೂ ಮನೆಯ ಹಿರಿಯರ ತಿಂಗಳುಗಟ್ಟಲೆಯ ದುಡಿಮೆ ಲೆಕ್ಕದಿಂದ ಹೊರಗುಳಿದು, ನಷ್ಟವಾದ ಬೆಳೆಯೂ ಲಾಭದ ಬೆಳೆಯಂತೆ ತೋರುತ್ತದೆ. ಅದೇ ಬೆಳೆಯನ್ನು ಮರುವರ್ಷವೂ ಸಾಲ ಮಾಡಿ ಬೆಳೆಯಲಾಗುತ್ತದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ, 2018-19ರ ಕೃಷಿ ವರ್ಷದಲ್ಲಿ ದೇಶದ ಕೃಷಿ ಕುಟುಂಬವೊಂದರ ಸರಾಸರಿ ಮಾಸಿಕ ಆದಾಯ 10,218 ರೂ. ಆಗಿದ್ದು, ಇದರಲ್ಲಿ ಕೂಲಿ ಮತ್ತು ಸಂಬಳದಿಂದ 4,063 ರೂ. ಹಾಗೂ ಬೆಳೆಯಿಂದ 3,798 ರೂ. ದೊರೆತಿರುತ್ತದೆ. ಅಂದರೆ, ಸ್ವಂತ ಹೊಲದ ಬೆಳೆಗಿಂತ ಕೂಲಿ ಮತ್ತು ಸಂಬಳವೇ ಕೃಷಿ ಕುಟುಂಬಗಳಿಗೆ ಹೆಚ್ಚಿನ ಆಧಾರವಾಗಿರುವುದು ಕಂಡುಬರುತ್ತದೆ.

3. ಮಳೆಯ ಅನಿಶ್ಚಿತತೆ

ರಾಜ್ಯದ ಸಾಗುವಳಿ ಭೂಮಿಯ ಬಹುಭಾಗವು ಮಳೆಯಾಶ್ರಿತವಾಗಿದೆ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2022-23ರಿಂದ 2025-26ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರದ ಮಾನದಂಡಗಳಂತೆ, ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ. ಹಾಗೂ ಬಹುವಾರ್ಷಿಕ ಬೆಳೆಗೆ 22,500 ರೂ.ಗಳನ್ನು ಗರಿಷ್ಠ 2 ಹೆಕ್ಟೇರಿಗೆ ಮಿತಿಗೊಳಿಸಿ ನೀಡಲಾಗುತ್ತದೆ. ಒಂದು ಎಕರೆ ಮಳೆಯಾಶ್ರಿತ ರಾಗಿ ಬೆಳೆಯುವ ಕುಟುಂಬಕ್ಕೆ ಇದು ಸುಮಾರು 3,400 ರೂ. ಆಗುತ್ತದೆ. ಈ ಮೊತ್ತವೂ ಪಹಣಿ ಸರಿಯಿಲ್ಲದ ಕಾರಣ ಕೈತಪ್ಪುವ ಸಂದರ್ಭಗಳಿರುತ್ತವೆ.

4. ಪಹಣಿಯಲ್ಲಿಲ್ಲದ ಹೆಸರು

ಉದಾಹರಣೆಗೆ, ತಾತನ ಹೆಸರಿನಲ್ಲಿ 6 ಎಕರೆ ಜಮೀನಿದ್ದು, ಅವರ ನಿಧನಾನಂತರ ಮೂವರು ಗಂಡುಮಕ್ಕಳು ತಲಾ 2 ಎಕರೆಯಂತೆ ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿರುತ್ತಾರೆ ಎಂದು ಭಾವಿಸಬಹುದು. ಮೊಮ್ಮಕ್ಕಳ ಕಾಲಕ್ಕೆ ಒಬ್ಬೊಬ್ಬರಿಗೆ ಬಂದದ್ದು ಒಂದು ಎಕರೆ. ಬದುಗಳು ಬದಲಾದರೂ ಪಹಣಿಯ 9ನೇ ಕಲಂನಲ್ಲಿ ಇಂದಿಗೂ ತಾತನ ಹೆಸರೇ ಉಳಿದಿರುತ್ತದೆ. ಇಂತಹ ಸಂದರ್ಭದಲ್ಲಿ ಮೊಮ್ಮಗನು ಬೆಳೆ ಸಾಲಕ್ಕೆ ಹೋದರೆ ದಾಖಲೆಯಿಲ್ಲವೆಂದು ಹಿಂದಿರುಗಬೇಕಾಗುತ್ತದೆ. ಲೇವಾದೇವಿದಾರನ ಬಳಿ ಅಂತಹ ಅಡ್ಡಿಯಿರುವುದಿಲ್ಲ, ಬಡ್ಡಿ ಮಾತ್ರ ಹಲವು ಪಟ್ಟು ಹೆಚ್ಚಿರುತ್ತದೆ. ಬಾಯಿಮಾತಿನ ಭಾಗದಲ್ಲಿ ಹೆಣ್ಣುಮಕ್ಕಳನ್ನು ಕೈಬಿಟ್ಟಿದ್ದಲ್ಲಿ ಮುಂದೆ ವ್ಯಾಜ್ಯಕ್ಕೂ ಅವಕಾಶವಾಗುತ್ತದೆ.

ಮಹಿಳೆಯರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಪತಿಯು ಕೆಲಸಕ್ಕಾಗಿ ಪಟ್ಟಣ ಸೇರಿದಾಗ ಹೊಲದ ಹೊಣೆಯನ್ನು ಪೂರ್ಣವಾಗಿ ಪತ್ನಿಯೇ ಹೊರುತ್ತಾಳೆ. ಪಹಣಿಯು ಮಾವನ ಹೆಸರಿನಲ್ಲಿದ್ದರೆ, ಬಿತ್ತಿ ಬೆಳೆದವಳು ದಾಖಲೆಯಲ್ಲಿ ರೈತಳಾಗಿರುವುದಿಲ್ಲ. ಪತಿಯು ಅಕಾಲದಲ್ಲಿ ತೀರಿಕೊಂಡಲ್ಲಿ ಈ ಕೊರತೆಯ ಪೂರ್ಣ ಭಾರವು ಅವಳ ಮೇಲೆ ಬೀಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ತಿದ್ದುಪಡಿ ತಂದು ನೀಡಿದ್ದು, 2005ರ ಕೇಂದ್ರ ತಿದ್ದುಪಡಿಯಿಂದ ಅದು ದೇಶವ್ಯಾಪಿಯಾಗಿದೆ.

ಇತರರ ಜಮೀನನ್ನು ವಾರಕ್ಕೆ ಅಥವಾ ಗುತ್ತಿಗೆಗೆ ಪಡೆದು ಬೆಳೆಯುವವರ ಸಮಸ್ಯೆ ಬೇರೆ ಬಗೆಯದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಭೂಮಿಯ ಒಡೆತನ ಪಡೆಯಲು ಅವಕಾಶ ಕಲ್ಪಿಸಿ, ಗೇಣಿ ಪದ್ಧತಿಯನ್ನು ನಿಷೇಧಿಸಿತು. ಆದ್ದರಿಂದ ನಂತರದ ಗುತ್ತಿಗೆಗಳು ಬಹುತೇಕ ಬಾಯಿಮಾತಿನವಾಗಿದ್ದು, ಸಾಗುವಳಿದಾರರಿಗೆ ಸಾಲ, ವಿಮೆಗಳಿಗೆ ಬೇಕಾದ ಲಿಖಿತ ಆಧಾರ ಇರುವುದಿಲ್ಲ.

ಲಭ್ಯವಿರುವ ಅನುಕೂಲಗಳು

(ಅ) ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು: ಮೃತ ಖಾತೆದಾರರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು, ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷದೊಂದಿಗೆ ಪೌತಿ ಖಾತೆಗಾಗಿ ಅರ್ಜಿ ಸಲ್ಲಿಸಬಹುದಾಗಿದೆ. ಪೌತಿ ಖಾತೆಯಿಂದ ವಾರಸುದಾರರ ಹೆಸರುಗಳು ಜಂಟಿಯಾಗಿ ದಾಖಲಾಗುತ್ತವೆಯೇ ಹೊರತು ಜಮೀನು ಭಾಗವಾಗುವುದಿಲ್ಲ. ಪ್ರತ್ಯೇಕ ಪಹಣಿ ಬೇಕಾದಲ್ಲಿ 11ಇ ನಕ್ಷೆ ಪಡೆದು ವಿಭಾಗ ಪತ್ರವನ್ನು ನೋಂದಾಯಿಸಿ, ಪೋಡಿ ಮಾಡಿಸಿಕೊಳ್ಳಬೇಕಾಗುತ್ತದೆ. ಸಹೋದರ ಸಹೋದರಿಯರು ಬದುಕಿದ್ದು, ಒಮ್ಮತವಿರುವಾಗಲೇ ಈ ಕಾರ್ಯ ಮುಗಿಸುವುದು ಸುಲಭ.

(ಆ) ರೈತ ನೋಂದಣಿ: ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆದ ನಂತರ, ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಿಟ್ಟುಹೋದ ಸರ್ವೆ ನಂಬರಿಗೆ ಪರಿಹಾರವೂ ಬಿಟ್ಟುಹೋಗುವ ಸಂಭವವಿರುತ್ತದೆ. ಬೆಳೆ ಸಮೀಕ್ಷೆಯಲ್ಲಿ ತಮ್ಮ ಬೆಳೆ ಸರಿಯಾಗಿ ದಾಖಲಾಗಿರುವುದನ್ನೂ ನೋಡಿಕೊಳ್ಳಬೇಕು.

(ಇ) ಸಾಲ: ಸಹಕಾರ ಸಂಘಗಳ ಮೂಲಕ ನೀಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ನೇ ಸಾಲಿನ ಆಯವ್ಯಯದಲ್ಲಿ 3 ಲಕ್ಷ ರೂ.ಗಳಿಂದ 5 ಲಕ್ಷ ರೂ.ಗಳಿಗೆ ಹೆಚ್ಚಿಸಲಾಯಿತು. ಬ್ಯಾಂಕುಗಳಲ್ಲಿ ಆಧಾರವಿಲ್ಲದೆ ನೀಡುವ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿ 1ರಿಂದ 2 ಲಕ್ಷ ರೂ.ಗಳಿಗೆ ಏರಿಸಿದೆ.

(ಈ) ಬೆಳೆ ವಿಮೆ: 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ವಂತಿಗೆಯು ಮುಂಗಾರಿಗೆ ಶೇಕಡ 2, ಹಿಂಗಾರಿಗೆ ಶೇಕಡ 1.5 ಹಾಗೂ ವಾಣಿಜ್ಯ ಬೆಳೆಗಳಿಗೆ ಗರಿಷ್ಠ ಶೇಕಡ 5 ಆಗಿರುತ್ತದೆ. ಆಲಿಕಲ್ಲು, ಭೂಕುಸಿತ ಮುಂತಾದ ಸ್ಥಳೀಯ ವಿಪತ್ತಿನಿಂದಾದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸುವುದು ಕಡ್ಡಾಯ. 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ವಿಮೆ ಐಚ್ಛಿಕವಾಗಿರುವುದರಿಂದ, ಬ್ಯಾಂಕಿನಲ್ಲಿ ಸಾಲವಿದೆ ಎಂಬ ಕಾರಣಕ್ಕೆ ವಿಮೆಯೂ ಆಗಿರುತ್ತದೆಂದು ಭಾವಿಸದೆ ವಿಚಾರಿಸಿ ತಿಳಿದುಕೊಳ್ಳಬೇಕು.

(ಉ) ಯಂತ್ರ ಮತ್ತು ಮಾರಾಟ: ಯಂತ್ರಗಳನ್ನು ಖರೀದಿಸಲಾಗದ ರೈತರು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ಬಳಸಿಕೊಳ್ಳಬಹುದು. ರಾಗಿಯ ಬೆಂಬಲ ಬೆಲೆಯು 2024-25ರಲ್ಲಿ ಕ್ವಿಂಟಾಲಿಗೆ 4,290 ರೂ. ಇದ್ದು, 2025-26ನೇ ಸಾಲಿಗೆ 4,886 ರೂ. ನಿಗದಿಯಾಯಿತು. ನೋಂದಣಿಗೆ ರೈತ ಗುರುತಿನ ಸಂಖ್ಯೆ ಬೇಕಾಗುವುದರಿಂದ ಕೊಯ್ಲಿಗೆ ಮುನ್ನವೇ ದಾಖಲೆ ಸಿದ್ಧಪಡಿಸಿಕೊಳ್ಳುವುದು ಒಳಿತು. ನೆರೆಹೊರೆಯ ರೈತರು ರೈತ ಉತ್ಪಾದಕರ ಸಂಸ್ಥೆಯ ಮೂಲಕ ಅಥವಾ ನಾಲ್ಕಾರು ಮನೆಯವರು ಕೂಡಿ ಒಂದೇ ವಾಹನದಲ್ಲಿ ಸಾಗಿಸಿದರೂ ವೆಚ್ಚ ಗಣನೀಯವಾಗಿ ತಗ್ಗುತ್ತದೆ.

(ಊ) ಮನೆಯ ಲೆಕ್ಕದ ಪುಸ್ತಕ: ಪ್ರತಿ ಬೆಳೆಗೂ ಒಂದು ಪುಟ ಮೀಸಲಿಟ್ಟು, ಎಡಭಾಗದಲ್ಲಿ ಕೊಂಡ ಸಾಮಗ್ರಿ, ಕೂಲಿ, ಬಾಡಿಗೆ, ಬಡ್ಡಿ ಹಾಗೂ ಮನೆಯವರು ದುಡಿದ ದಿನಗಳನ್ನು ಊರಿನ ಕೂಲಿ ದರದಲ್ಲಿಯೂ, ಬಲಭಾಗದಲ್ಲಿ ಮಾರಿದ ಫಸಲು, ಮನೆಗೆ ಉಳಿಸಿಕೊಂಡ ಕಾಳು ಹಾಗೂ ಮೇವಿನ ಬೆಲೆಯನ್ನೂ ಬರೆದಿಡಬೇಕು. ಹೀಗೆ ಮಾಡಿದಲ್ಲಿ ಯಾವ ಬೆಳೆ ಕುಟುಂಬವನ್ನು ಸಾಕುತ್ತಿದೆ, ಯಾವ ಬೆಳೆಯನ್ನು ಕುಟುಂಬವೇ ಸಾಕುತ್ತಿದೆ ಎಂಬುದು ಎರಡು ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ. ಡೇರಿಯ ಹಾಲಿನ ಬಟವಾಡೆಯಂತೆ ಆಗಾಗ್ಗೆ ಕೈಸೇರುವ ಆದಾಯದ ಬೆಲೆಯೂ ಆಗ ತಿಳಿದುಬರುತ್ತದೆ.

ಉಪಸಂಹಾರ

ಹಿಡುವಳಿಗಳು ಕಿರಿದಾಗುತ್ತಿರುವುದನ್ನು ಒಂದು ಕುಟುಂಬವು ತಾನೇ ತಡೆಯಲಾರದು. ಮಳೆಯೂ ಮಾರುಕಟ್ಟೆಯೂ ಅದರ ಹಿಡಿತದಲ್ಲಿಲ್ಲ. ಆದರೆ ಪಹಣಿಯನ್ನು ಸರಿಪಡಿಸಿಕೊಳ್ಳುವುದು ಹಾಗೂ ದುಡಿಮೆಯ ಲೆಕ್ಕವಿಡುವುದು ಅದರ ಕೈಯಲ್ಲಿದೆ. ಬರ ಬಂದ ನಂತರ ಪೌತಿ ಖಾತೆಗೆ ಅರ್ಜಿ ಸಲ್ಲಿಸಿದರೆ ಆ ವರ್ಷದ ಪರಿಹಾರಕ್ಕೆ ಅದು ಒದಗುವುದು ಕಷ್ಟ. ಆದ್ದರಿಂದ ರೈತ ಬಾಂಧವರು ಬಿತ್ತನೆಗೆ ಮುನ್ನ ಬೀಜ, ಗೊಬ್ಬರಗಳನ್ನು ಹೊಂದಿಸಿಕೊಳ್ಳುವಂತೆಯೇ ದಾಖಲೆಗಳನ್ನೂ ಪರಿಶೀಲಿಸಿಕೊಳ್ಳಬೇಕೆಂದು ಕೋರಲಾಗಿದೆ.

ಹೆಚ್ಚಿನ ಮಾಹಿತಿಗಾಗಿ ಕೃಷಿ ಸೌಲಭ್ಯಗಳ ಕುರಿತು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನೂ, ಖಾತೆ ಮತ್ತು ಪಹಣಿಯ ಕುರಿತು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯನ್ನೂ ಸಂಪರ್ಕಿಸಬಹುದಾಗಿದೆ.