ಫೀಡ್‌ಬ್ಯಾಕ್

ವೈದ್ಯಕೀಯ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಈ ಪದ ಬಂದದ್ದು ರೇಡಿಯೊ ತಂತ್ರಜ್ಞರಿಂದ, 20ನೇ ಶತಮಾನದ ಆರಂಭದಲ್ಲಿ. ಸರ್ಕಿಟ್‌ನಿಂದ ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಒಳಕ್ಕೇ ಊಡುವುದು ಅದರ ಮೂಲಾರ್ಥ. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಅವರ ‘ಸೈಬರ್ನೆಟಿಕ್ಸ್’ ಪುಸ್ತಕ ಅದನ್ನು ಜೀವಿಗಳಿಗೂ ಅನ್ವಯಿಸಿತು. ಕನ್ನಡದಲ್ಲಿ ‘ಹಿಮ್ಮಾಹಿತಿ’ ಎನ್ನುತ್ತಾರೆ. ‘ಪ್ರತಿಕ್ರಿಯೆ’ಗಿಂತ ಅದೇ ಮೇಲು.

ವೈದ್ಯಶಿಕ್ಷಣದಲ್ಲಿ ಅದರ ಅರ್ಥವನ್ನು ಖಚಿತಗೊಳಿಸಿದ್ದು 1983ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಎಂಡೆ ಬರೆದ ಲೇಖನ: ಫೀಡ್‌ಬ್ಯಾಕ್ ಮಾಹಿತಿ ಕೊಡುತ್ತದೆ, ಮೌಲ್ಯಮಾಪನ ತೀರ್ಪು ಕೊಡುತ್ತದೆ. ರೋಗಿಯ ಮುಂದೆ ಹೌಸ್ ಸರ್ಜನ್‌ಗಳನ್ನು ಗದರುವುದಕ್ಕೆ ಫೀಡ್‌ಬ್ಯಾಕ್ ಎಂಬ ಹೆಸರು ಸಲ್ಲದು. ‘ಹಿಸ್ಟರಿ ಚೆನ್ನಾಗಿ ತಗೊಂಡಿಲ್ಲ’ ಎಂಬುದೂ ಬರಿಯ ತೀರ್ಪೇ. ‘ಎದೆನೋವು ಯಾವಾಗ ಶುರುವಾಯಿತು ಅಂತ ಕೇಳಿದೆ, ತೋಳಿಗೂ ಹರಡಿತಾ ಅಂತ ಕೇಳಲಿಲ್ಲ’ ಎಂದರೆ ಅದು ಫೀಡ್‌ಬ್ಯಾಕ್. ಮುಂದಿನ ರೋಗಿಯ ಬಳಿ ಏನು ಕೇಳಬೇಕೆಂದು ಕಲಿಯುವವರಿಗೆ ಗೊತ್ತಾಗುತ್ತದೆ.