ಒಬ್ಬನ ಹೊಣೆ, ಹತ್ತು ಜನರ ವಿದ್ಯೆ

ಹೈದರಾಬಾದಿನ ಅಬಿಡ್ಸ್ ಬಡಾವಣೆಯ ಚಿರಾಗ್ ಅಲಿ ಲೇನ್ ಸದಾ ಗಿಜಿಗುಡುವ ವ್ಯಾಪಾರದ ಗಲ್ಲಿ. ಅಲ್ಲಿನ ರಾಘವರತ್ನ ಟವರ್ಸ್ ಕಟ್ಟಡದಲ್ಲಿ ಮೈನಿಂಗ್ ಎಂಜಿನಿಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಕೇಂದ್ರ ಕಚೇರಿ ಇದೆ. ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲು, ಚಿನ್ನ ಹೀಗೆ ನೆಲ ಅಗೆಯುವ ಎಲ್ಲ ಬಗೆಯ ಗಣಿಗಳ ಎಂಜಿನಿಯರುಗಳು ಇದರ ಸದಸ್ಯರು. ಸಂಸ್ಥೆಗೆ ಈಗ ಎಪ್ಪತ್ತರ ಹೊಸ್ತಿಲು. ಈ ಹೊತ್ತಿನಲ್ಲಿ ಅದರ ಪದಾಧಿಕಾರಿಗಳ ಪಟ್ಟಿಗಿಂತ, ಇಂಥದೊಂದು ಕೂಟ ಈ ಕಸುಬಿಗೆ ಏಕೆ ಬೇಕಾಯಿತು ಎಂಬುದನ್ನು ನೆನೆಯುವುದು ಹೆಚ್ಚು ಉಪಯುಕ್ತ.

ಸಂಸ್ಥೆ ಹುಟ್ಟಿದ್ದು 1957ರಲ್ಲಿ. ಸ್ವತಂತ್ರ ಭಾರತ ತನ್ನ ಗಣಿಗಳಿಗೆ ಕಾನೂನಿನ ಚೌಕಟ್ಟು ಕಟ್ಟುತ್ತಿದ್ದ ಕಾಲ ಅದು. ಗಣಿ ಮತ್ತು ಖನಿಜಗಳ ಅಭಿವೃದ್ಧಿ ಕಾಯಿದೆ, ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಕಾಯಿದೆ, ಕಲ್ಲಿದ್ದಲು ಗಣಿಗಳ ನಿಯಮಾವಳಿ ಮೂರೂ ಅದೇ ವರ್ಷದವು. ಗಣಿ ಕಸುಬಿನವರ ಕೂಟ ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. 1906ರಲ್ಲೇ ಕಲ್ಕತ್ತೆಯಲ್ಲಿ ಗಣಿ ಮತ್ತು ಭೂವಿಜ್ಞಾನದ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಿ, ಸರ್ ಥಾಮಸ್ ಹಾಲೆಂಡ್ ಅದರ ಮೊದಲ ಅಧ್ಯಕ್ಷರಾಗಿದ್ದರು. ರಾಣಿಗಂಜ್, ಝರಿಯಾಗಳ ಕಲ್ಲಿದ್ದಲು ಹೊಲಗಳಿಗೆ ಕಲ್ಕತ್ತೆ ಹತ್ತಿರ. ಗೋದಾವರಿ ಕಣಿವೆಯವರಿಗೆ, ಬಳ್ಳಾರಿ, ಹಟ್ಟಿಯವರಿಗೆ ಅದು ದೂರದ ಊರು.

ಹೈದರಾಬಾದಿಗೆ ಮಾತ್ರ ಗಣಿ ಹೊಸದಲ್ಲ. ಭೂವೈಜ್ಞಾನಿಕ ಸಮೀಕ್ಷೆಯ ವಿಲಿಯಂ ಕಿಂಗ್ 1871ರಲ್ಲಿ ಹೈದರಾಬಾದ್ ಸಂಸ್ಥಾನದ ಯೆಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದರು. ಅಲ್ಲಿನ ಮುಖ್ಯ ಪದರಕ್ಕೆ ಇಂದಿಗೂ ಕಿಂಗ್ ಸೀಮ್ ಎಂದೇ ಹೆಸರು. 1886ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯಾದ ಹೈದರಾಬಾದ್ (ಡೆಕ್ಕನ್) ಕಂಪನಿ ಗಣಿ ಹಕ್ಕು ಪಡೆದು, 1889ರಲ್ಲಿ ಕೆಲಸ ಆರಂಭಿಸಿತು. 1920ರ ಡಿಸೆಂಬರ್ 23ರಂದು ಸಿಂಗರೇಣಿ ಕಾಲರೀಸ್ ಕಂಪನಿ ಸ್ಥಾಪನೆಯಾಯಿತು. ಆ ದಿನವನ್ನು ಗಣಿಯೂರುಗಳು ಈಗಲೂ ಸಿಂಗರೇಣಿ ದಿನವೆಂದು ಆಚರಿಸುತ್ತವೆ. 1945ರಲ್ಲಿ ನಿಜಾಮ್ ಸರ್ಕಾರವೇ ಕಂಪನಿಯ ಬಹುಪಾಲು ಷೇರು ಕೊಂಡಿತು. ಹಾಗಾಗಿ 1970ರ ದಶಕದಲ್ಲಿ ದೇಶದ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣವಾಗಿ ಕೋಲ್ ಇಂಡಿಯಾ ಹುಟ್ಟಿದಾಗ, ಅದಾಗಲೇ ಸರ್ಕಾರಿ ಕಂಪನಿಯಾಗಿದ್ದ ಸಿಂಗರೇಣಿ ಹೊರಗೇ ಉಳಿಯಿತು. ಇಂದು ಅದರಲ್ಲಿ ತೆಲಂಗಾಣದ್ದು ಶೇ 51, ಕೇಂದ್ರದ್ದು ಶೇ 49 ಪಾಲು. ಮುಖ್ಯ ಕಚೇರಿ ಕೊತ್ತಗೂಡೆಂನಲ್ಲಿದ್ದರೂ ಸರ್ಕಾರದ ಜೊತೆಗಿನ ವ್ಯವಹಾರವೆಲ್ಲ ಹೈದರಾಬಾದಿನ ರೆಡ್‌ಹಿಲ್ಸ್‌ನ ಸಿಂಗರೇಣಿ ಭವನದಿಂದ.

ಇದರ ಜೊತೆಗೆ 1958ರಲ್ಲಿ ಸ್ಥಾಪನೆಯಾದ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಕೇಂದ್ರ ಕಚೇರಿ ಮಾಸಾಬ್ ಟ್ಯಾಂಕ್‌ನಲ್ಲಿದೆ. ನಮ್ಮ ಸಂಡೂರಿನ ದೋಣಿಮಲೆ ಗಣಿಯ ಲೆಕ್ಕ ಒಪ್ಪಿಸುವುದೂ ಅಲ್ಲಿಗೇ. ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಪರಮಾಣು ಖನಿಜಗಳ ನಿರ್ದೇಶನಾಲಯ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವಲಯ ಕಚೇರಿ ಎಲ್ಲವೂ ಇದೇ ನಗರದಲ್ಲಿವೆ. ರಾಯಚೂರು ನಿಜಾಮರ ಕೈಯಲ್ಲಿದ್ದ ಕಾಲದಲ್ಲಿ, 1947ರಲ್ಲಿ, ಹಟ್ಟಿ ಚಿನ್ನಕ್ಕಾಗಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನ ಕಂಪನಿಯೇ ಹುಟ್ಟಿತ್ತು. ಗಣಿ ಎಂಜಿನಿಯರುಗಳ ಸಂಸ್ಥೆಗೆ ಇದಕ್ಕಿಂತ ಒಗ್ಗುವ ಊರು ದಕ್ಷಿಣದಲ್ಲಿ ಇನ್ನೊಂದಿಲ್ಲ.

ಇನ್ನು ಕೂಟದ ಅಗತ್ಯದ ಮಾತು. 1952ರ ಗಣಿ ಕಾಯಿದೆಯ ಕಾಲದಿಂದಲೂ ಪ್ರತಿ ಗಣಿಗೂ ಒಬ್ಬ ಮ್ಯಾನೇಜರ್ ಇರಲೇಬೇಕು. ಗಾಳಿ, ನೀರು, ಚಾವಣಿ, ಸಿಡಿಮದ್ದು ಎಲ್ಲಕ್ಕೂ ಆತನೇ ಜವಾಬ್ದಾರ. ಅಪಘಾತವಾದರೆ ವಿಚಾರಣೆಯಲ್ಲಿ ಕಟಕಟೆ ಹತ್ತುವವನೂ ಅವನೇ. ಹೊಣೆ ಇಷ್ಟು ಒಂಟಿಯಾಗಿದ್ದರೂ ಆತನ ಅನುಭವ ತನ್ನ ಗಣಿಯ ಮಟ್ಟಿಗಷ್ಟೇ ಸೀಮಿತ. ಮೇಲಾಗಿ ಕಾನೂನು ಈ ವೃತ್ತಿಯನ್ನು ಎರಡು ಪಂಗಡ ಮಾಡಿದೆ: ಕಲ್ಲಿದ್ದಲಿಗೆ ಒಂದು ಸರ್ಟಿಫಿಕೇಟು, ಲೋಹದ ಗಣಿಗೆ ಇನ್ನೊಂದು. ಒಂದರಲ್ಲಿ ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಇದ್ದವನು ಇನ್ನೊಂದರ ಮ್ಯಾನೇಜರ್ ಆಗುವಂತಿಲ್ಲ. ಆ ಎರಡೂ ಪಂಗಡದವರು ಒಂದೇ ಜಮಖಾನದ ಮೇಲೆ ಕೂರುವ ಜಾಗ ಅಸೋಸಿಯೇಷನ್.

ಕೂತು ಆಡುವ ಮಾತಾದರೂ ಎಂಥದು? ಗಣಿಯ ಚಾವಣಿಯನ್ನೇ ನೋಡಿ. ಕಲ್ಲಿದ್ದಲಿನ ಸುರಂಗದಲ್ಲಿ ಮೊದಲು ಕಂಬಗಳಂತೆ ಕಲ್ಲಿದ್ದಲನ್ನು ಬಿಟ್ಟು ದಾರಿ ಕೊರೆಯುತ್ತಾರೆ. ಕೊನೆಗೆ ಆ ಕಂಬಗಳನ್ನೂ ಒಂದೊಂದಾಗಿ ತೆಗೆಯುತ್ತಾ ಹಿಂದೆ ಸರಿಯುತ್ತಾರೆ, ಬಿಟ್ಟು ಬಂದ ಜಾಗದ ಚಾವಣಿ ಕುಸಿಯುತ್ತದೆ. ಎಲ್ಲಿಯವರೆಗೆ ನಿಲ್ಲಬೇಕು, ಯಾವಾಗ ಜನರನ್ನು ಹೊರಗೆ ಕರೆಯಬೇಕು ಎಂಬುದರಲ್ಲೇ ಜೀವ ಇರುವುದು. ಪಾಳಿ ಶುರುವಾಗುವಾಗ ಅದರ ಮೇಲ್ವಿಚಾರಕನಾದ ಸರ್ದಾರ್ ಕಬ್ಬಿಣದ ತುದಿಯ ಕೋಲಿನಿಂದ ಚಾವಣಿಯನ್ನು ತಟ್ಟುತ್ತಾನೆ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ಪದರ ಬಿಟ್ಟ ಕಲ್ಲು ಡಬ್ ಎನ್ನುತ್ತದೆ. ಮರದ ಆಸರೆಗಳ ಕಾಲದಲ್ಲಿ ಭಾರ ಬಿದ್ದಾಗ ಮರವೇ ಕಿರುಗುಟ್ಟಿ, ಸೀಳಿ ಎಚ್ಚರಿಸುತ್ತಿತ್ತು. ಈಗ ಚಾವಣಿಗೆ ರಂಧ್ರ ಕೊರೆದು ಉಕ್ಕಿನ ಬೋಲ್ಟು ಕೂರಿಸುತ್ತಾರೆ. ಅದು ಮರಕ್ಕಿಂತ ಬಲವಾಗಿ ಹಿಡಿಯುತ್ತದೆ, ಆದರೆ ಮರದಂತೆ ಸದ್ದು ಮಾಡುವುದಿಲ್ಲ. ಅದಕ್ಕಾಗಿ ಟೆಲ್‌ಟೇಲ್ ಎಂಬ ಸಾಧನ ಹಾಕಿ ಚಾವಣಿ ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಳೆಯುತ್ತಾರೆ. ಯಾವ ಬಗೆಯ ಕಲ್ಲಿನ ಕೆಳಗೆ ಎಷ್ಟು ಇಳಿದರೆ ಅಪಾಯ ಎಂಬುದನ್ನು ಸಾಧನ ಹೇಳಲಾರದು. ಅದನ್ನು ಕಂಡು ಬಂದವನೇ ಹೇಳಬೇಕು.

ಕಲ್ಲು ಸಿಡಿಯುವುದನ್ನು ಶತಮಾನ ಕಾಲ ಉಂಡವರು ಕೋಲಾರದ ಚಿನ್ನದ ಗಣಿಯವರು. ಆ ಅನುಭವದ ನೆಲದಲ್ಲೇ, ಚಾಂಪಿಯನ್ ರೀಫ್‌ನಲ್ಲಿ, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಗಿ, ಕಲ್ಲಿದ್ದಲು ಗಣಿಗಳಿಗೂ ಸಲಹೆ ಕೊಟ್ಟಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತಾದರೂ ಅದರ ವಿದ್ಯೆ ಬೇರೆ ಗಣಿಗಳಿಗೆ ಹರಿದದ್ದು ಹೀಗೆ. ಅಸೋಸಿಯೇಷನ್ ಹೊರತರುವ ಮೈನಿಂಗ್ ಎಂಜಿನಿಯರ್ಸ್ ಜರ್ನಲ್ ಎಂಬ ಮಾಸಿಕ, ಊರೂರಿನ ಚಾಪ್ಟರುಗಳ ಸಭೆಗಳು ಇಂಥ ಹರಿವಿಗೆ ಕಾಲುವೆಗಳು. ಸಿಂಗರೇಣಿಗೆ ಒಂದು ಚಾಪ್ಟರ್ ಇದ್ದರೆ, ಕನ್ನಡನಾಡಿನಲ್ಲಿ ಬೆಂಗಳೂರು, ಬೆಳಗಾವಿ, ಬಳ್ಳಾರಿ-ಹೊಸಪೇಟೆ, ಹಟ್ಟಿ-ಕಲಬುರಗಿಗಳಲ್ಲಿ ಇವೆ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಆದರೂ 1985ರಲ್ಲಿ ಉರಿಯತೊಡಗಿದ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಒಲೆಗೆ ಸಿಂಗರೇಣಿಯಿಂದ ರೈಲು ಬರಬೇಕು. ಸಿಂಗರೇಣಿಯ ಗಣಿಯೂರಾದ ಗೋದಾವರಿಖನಿಯ ಪಾಳಿಗೂ ನಮ್ಮ ಮನೆಯ ದೀಪಕ್ಕೂ ಇರುವ ನಂಟು ಅಷ್ಟು ನೇರ.

ಎಪ್ಪತ್ತರ ನೆನಪೆಂದ ಮಾತ್ರಕ್ಕೆ ಬರೀ ಹೊಗಳಿಕೆ ಸಲ್ಲದು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತರು. 2003ರ ಜೂನ್ 16ರಂದು ಗೋದಾವರಿಖನಿಯ 7ಎಲ್‌ಇಪಿ ಗಣಿಗೆ ನೀರು ನುಗ್ಗಿ 17 ಕಾರ್ಮಿಕರು ಸತ್ತರು. ನೀರು ನಿಂತ ಹಳೆಯ ಗಣಿಯ 60 ಮೀಟರ್ ಒಳಗೆ ಅನುಮತಿ ಇಲ್ಲದೆ ಅಗೆಯಬಾರದೆಂಬ ನಿಯಮ 1957ರಿಂದಲೂ ಇದೆ. ಆ ನಿಯಮ ನಿಂತಿರುವುದು ಹಳೆಯ ಗಣಿಯ ನಕ್ಷೆ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ. ನಕ್ಷೆ ತಪ್ಪಿದ್ದರೆ 60 ಮೀಟರಿಗೆ ಅರ್ಥವಿಲ್ಲ. ಆ ತಪ್ಪು ಗೊತ್ತಿರುವವನು ಹಿಂದೆ ಅಲ್ಲಿ ಸರ್ವೆ ಮಾಡಿ ನಿವೃತ್ತನಾದ ಹಿರಿಯ. ಅವನ ಮಾತು ಹೊಸ ಮ್ಯಾನೇಜರನ ಕಿವಿಗೆ ಬೀಳುವಂತೆ ಮಾಡುವುದೇ ಇಂಥ ಕೂಟದ ಮೊದಲ ಕರ್ತವ್ಯ. ಸನ್ಮಾನ, ಶಾಲು, ಹಾರ ಆಮೇಲಿನವು.

ಇನ್ನೊಂದು ಕೊರತೆಯನ್ನೂ ಒಪ್ಪಬೇಕು. ಇದು ಎಂಜಿನಿಯರುಗಳ ಕೂಟ. ಚಾವಣಿ ತಟ್ಟುವ ಸರ್ದಾರನಾಗಲಿ, ಗುತ್ತಿಗೆ ಕಾರ್ಮಿಕನಾಗಲಿ ಇಲ್ಲಿ ಕುರ್ಚಿ ಹಾಕಿಸಿಕೊಂಡು ಮಾತಾಡುವುದು ಅಪರೂಪ. ಮಹಿಳೆಯರಿಗಂತೂ ನೆಲದಡಿಯ ಬಾಗಿಲನ್ನು ಕಾನೂನೇ ಮುಚ್ಚಿತ್ತು. ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಹುದ್ದೆಗಳಲ್ಲಿ ಅವರು ಸುರಂಗಕ್ಕೆ ಇಳಿಯಬಹುದೆಂಬ ಆದೇಶ ಬಂದದ್ದು 2019ರಲ್ಲಿ.

ಮುಂದಿನ ಕೆಲಸ ಸಣ್ಣದಲ್ಲ. ಒಂದು ಕಾಲಕ್ಕೆ ಲಕ್ಷ ಮೀರಿದ್ದ ಸಿಂಗರೇಣಿಯ ನೌಕರರ ಸಂಖ್ಯೆ ಈಗ ಸುಮಾರು ನಲವತ್ತು ಸಾವಿರ. ಉತ್ಪಾದನೆ ಮಾತ್ರ 2023-24ರಲ್ಲಿ ಏಳು ಕೋಟಿ ಟನ್ ಮುಟ್ಟಿತು. ಅದರಲ್ಲಿ ಬಹುಪಾಲು ತೆರೆದ ಗಣಿಗಳದ್ದು. ಸುರಂಗ ಬಲ್ಲವರು ವರ್ಷ ವರ್ಷ ನಿವೃತ್ತರಾಗುತ್ತಿದ್ದಾರೆ, ಆದರೆ ಅವರು ಅಗೆದ ಪೊಳ್ಳುಗಳು, ಅಲ್ಲಿ ನಿಂತ ನೀರು ನೆಲದಡಿ ಹಾಗೇ ಇವೆ. ತೆರೆದ ಗಣಿಗಳು ನಾಳೆ ಆ ಪೊಳ್ಳುಗಳ ಮೇಲೆಯೇ ಇಳಿಯಬೇಕು. ಎಪ್ಪತ್ತರ ನೆಪದಲ್ಲಿ ಸಂಸ್ಥೆ ಒಂದು ಕೆಲಸ ಹಿಡಿಯುವುದಾದರೆ ಇದನ್ನೇ ಹಿಡಿಯಲಿ: ನಿವೃತ್ತರನ್ನು, ಹಳೆಯ ಸರ್ದಾರರನ್ನೂ ಸೇರಿಸಿ, ಗಣಿಗೊಬ್ಬರಂತೆ ಕೂರಿಸಿ ಕೇಳಿ ಬರೆದುಕೊಳ್ಳಲಿ. ಸರ್ಕಾರದ ನಿಯಮ ಅಪಘಾತವಾದ ಮೇಲೆ ತಿದ್ದುಪಡಿಯಾಗುತ್ತದೆ. ಜೊತೆಗಾರರ ಮಾತು ಅದಕ್ಕೂ ಮೊದಲೇ ಸಿಗಬಲ್ಲದು.